ಹೊಳೆ ಇಕ್ಕಟ್ಟಾಗುವ ಜಾಗ

ಉತ್ತರ ಕರ್ನಾಟಕದ ಎರಡು ಅಣೆಕಟ್ಟೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ್ದು. ಇನ್ನೊಂದು ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ್ದು. ಕಟ್ಟಿದಾಗಿನ ಲೆಕ್ಕದಲ್ಲಿ ಎರಡೂ ಹಿಡಿಯುವ ನೀರು ಹೆಚ್ಚುಕಡಿಮೆ ಒಂದೇ. ನವಿಲುತೀರ್ಥದ್ದು 37.7 ಟಿಎಂಸಿ, ನಾರಾಯಣಪುರದ್ದು 37.9 ಟಿಎಂಸಿ. ಆದರೆ ಉದ್ದ ನೋಡಿ. ನಾರಾಯಣಪುರದ ಕಟ್ಟೆ ಮಣ್ಣಿನ ಏರಿಯೂ ಸೇರಿ 10.6 ಕಿಲೋಮೀಟರು. ನವಿಲುತೀರ್ಥದ್ದು ಬರೀ 154 ಮೀಟರು. ನಾರಾಯಣಪುರದ್ದನ್ನು ನಡೆದು ದಾಟಲು ಎರಡು ತಾಸಿಗೂ ಮೇಲೆ ಬೇಕು, ನವಿಲುತೀರ್ಥದ್ದಕ್ಕೆ ಎರಡು ನಿಮಿಷ ಸಾಕು.

ಎತ್ತರದಲ್ಲಿ ನವಿಲುತೀರ್ಥದ ಕಟ್ಟೆ ಹತ್ತು ಮೀಟರಿನಷ್ಟು ಹೆಚ್ಚು, ನಿಜ. ಆದರೂ ಉದ್ದದಲ್ಲಿರುವ 69 ಪಟ್ಟು ಅಂತರಕ್ಕೆ ಅದು ಸಮಜಾಯಿಷಿ ಆಗುವುದಿಲ್ಲ. ಎಂಜಿನಿಯರುಗಳ ಜಾಣತನವೂ ಇದಕ್ಕೆ ಕಾರಣವಲ್ಲ. ಒಂದು ಕಡೆ ಹೊಳೆ ಗಟ್ಟಿ ಗುಡ್ಡವನ್ನು ಸೀಳಿ ಹೋಗುತ್ತದೆ, ಇನ್ನೊಂದು ಕಡೆ ಬಯಲಿನಲ್ಲಿ ಹರಡಿಕೊಂಡು ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಕಮರಿಗಳನ್ನು ನಾವು ಸಾಮಾನ್ಯವಾಗಿ ರವಿವಾರದ ತಿರುಗಾಟದ ಜಾಗಗಳೆಂದು ನೋಡುತ್ತೇವೆ. ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಮಕ್ಕಳನ್ನು ಅಂಚಿನಿಂದ ಹಿಂದಕ್ಕೆ ಎಳೆಯುತ್ತೇವೆ, ಸಂಜೆಗೆ ವಾಪಸಾಗುತ್ತೇವೆ. ಆದರೆ ಹೊಳೆ ಎಲ್ಲಿ ಇಕ್ಕಟ್ಟಾಗುತ್ತದೆ ಎಂಬುದರ ಮೇಲೆ ಆ ಹೊಳೆಯ ಮೇಲುಭಾಗದ ಊರುಗಳ ಹಣೆಬರಹ ನಿಂತಿರುತ್ತದೆ. ಇದನ್ನು ಕೊಲ್ಹಾರದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ವಿಜಯಪುರ ಜಿಲ್ಲೆಯ ಈ ಊರಿನ ಮುಂದೆ ಕೃಷ್ಣೆ ಈಗ ಎಷ್ಟು ಅಗಲವೆಂದರೆ ಕೊರ್ತಿ ಮತ್ತು ಕೊಲ್ಹಾರದ ನಡುವಿನ ಸೇತುವೆ ಸುಮಾರು 3 ಕಿಲೋಮೀಟರ್ ಉದ್ದವಿದೆ. ಈ ಅಗಲ ಎಲ್ಲಿಂದ ಬಂತು ಎಂದು ತಿಳಿಯಲು ಸೇತುವೆಯ ಮೇಲೆ ನಿಂತರೆ ಸಾಲದು. ಹೊಳೆ ಇಕ್ಕಟ್ಟಾಗುವ ಜಾಗಗಳಿಗೆ ಹೋಗಬೇಕು. ಮೊದಲು, ಕಮರಿ ಹೇಗೆ ಹುಟ್ಟುತ್ತದೆ ಎಂದು ಕಣ್ಣಾರೆ ತೋರಿಸುವ ಒಂದು ಜಾಗಕ್ಕೆ ಹೋಗೋಣ.

ಗೋಕಾಕದಲ್ಲಿ ಅರ್ಧ ತಾಸಿನ ನಡಿಗೆ

ಘಟಪ್ರಭೆ ಗೋಕಾಕ ಪಟ್ಟಣಕ್ಕಿಂತ ಸ್ವಲ್ಪ ಮೇಲೆ ಮರಳುಗಲ್ಲಿನ ಬಂಡೆಯೊಂದರ ಅಂಚಿನಿಂದ 52 ಮೀಟರ್, ಅಂದರೆ 170 ಅಡಿ, ಕೆಳಕ್ಕೆ ಬೀಳುತ್ತದೆ. ಅಂಚು ಕುದುರೆ ಲಾಳದ ಆಕಾರದಲ್ಲಿದೆ, ಅದರ ಅಗಲ 177 ಮೀಟರು. ಅಂಚಿಗೆ ಹತ್ತಿರದಲ್ಲೇ ತೂಗುಸೇತುವೆ ಇದೆ. ಸುಮಾರು 200 ಮೀಟರ್ ಉದ್ದ, ಹೊಳೆಯ ತಳದಿಂದ 14 ಮೀಟರ್ ಎತ್ತರ. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. ಪಕ್ಕದಲ್ಲೇ ನೂಲಿನ ಗಿರಣಿ. 1887ರಷ್ಟು ಹಿಂದೆಯೇ ಇಲ್ಲಿ ಬೀಳುವ ನೀರಿನ ಬಲವನ್ನು ಗಿರಣಿಯ ಕೆಲಸಕ್ಕೆ ಹಚ್ಚಿದ್ದರು. ಗುಡಿಯಿಂದ ಅಂಚಿಗೆ, ಅಂಚಿನಿಂದ ಸೇತುವೆಯ ಕಡೆಗೆ, ಅಲ್ಲಿಂದ ಕಮರಿ ಕಾಣುವ ಬಂಡೆಗೆ ಹೋಗಿ ಬರಲು ಅರ್ಧ ತಾಸು ಸಾಕು.

ಈ ಜಾಗವನ್ನು ಎರಡು ಕಾಲದಲ್ಲಿ ನೋಡಬೇಕು. ಜುಲೈನಿಂದ ಸೆಪ್ಟೆಂಬರ್ ತನಕ ಕೆಂಪು ನೀರು ಅಂಚಿನುದ್ದಕ್ಕೂ ಧುಮುಕುತ್ತದೆ. ಮಾತಾಡಿದ್ದು ಕೇಳಿಸುವುದಿಲ್ಲ, ತುಂತುರು ಮುಖಕ್ಕೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಹೋದರೆ ಅದೇ ಅಂಚು ಒಣಗಿ ನಿಂತಿರುತ್ತದೆ. ಮೇಲೆ ಧೂಪದಾಳದ ಒಡ್ಡಿನಿಂದ ನೀರು ಕಾಲುವೆಗೆ ತಿರುಗಿದೆ, ಅದಕ್ಕೂ ಮೇಲೆ ಹಿಡಕಲ್ ಜಲಾಶಯವಿದೆ. ಬೇಸಿಗೆಯಲ್ಲಿ ಬಂದವರು ಬೇಸರಪಟ್ಟುಕೊಂಡು ತಿರುಗಿ ಹೋಗುವುದುಂಟು. ಆದರೆ ಕಲ್ಲನ್ನು ಓದಬೇಕೆನ್ನುವವರಿಗೆ ಅದೇ ಸರಿಯಾದ ಕಾಲ. ನೀರು ಇಲ್ಲದಾಗ ಮಾತ್ರ ನೀರು ಮಾಡಿದ ಕೆಲಸ ಕಾಣುತ್ತದೆ.

ಅಂಚಿನ ಮೇಲಿನ ಹಾಸುಬಂಡೆಯನ್ನು ಗಮನಿಸಿ. ಅಲ್ಲಲ್ಲಿ ದುಂಡನೆಯ ಗುಂಡಿಗಳಿರುತ್ತವೆ. ಕೆಲವು ಅಂಗೈಯಗಲ, ಕೆಲವು ಮನುಷ್ಯ ಕೂತುಕೊಳ್ಳುವಷ್ಟು. ಒಳಗೋಡೆ ನುಣುಪಾಗಿರುತ್ತದೆ. ತಳಕ್ಕೆ ಕೈಹಾಕಿದರೆ ಒಂದಿಷ್ಟು ಮರಳು ಸಿಗುತ್ತದೆ, ಎರಡೋ ಮೂರೋ ಉರುಟು ಕಲ್ಲು ಸಿಗುತ್ತವೆ. ಮನೆಯ ಒರಳಿಗೂ ಇದಕ್ಕೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. ರುಬ್ಬುವ ಗುಂಡು ತಿರುಗಿದಷ್ಟೂ ಒರಳು ಆಳವಾಗುತ್ತದೆ, ಗುಂಡೂ ಸವೆಯುತ್ತದೆ. ಇಲ್ಲಿ ಗುಂಡನ್ನು ತಿರುಗಿಸುವುದು ಪ್ರವಾಹದ ಸುಳಿ. ಬಂಡೆಯಲ್ಲಿ ಮೊದಲೇ ಒಂದು ತಗ್ಗು ಇದ್ದರೆ ಸುಳಿ ಅಲ್ಲೇ ನಿಲ್ಲುತ್ತದೆ, ಕಲ್ಲು ಅಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲ ಕಳೆದಂತೆಲ್ಲ ತಗ್ಗು ಗುಂಡಿಯಾಗುತ್ತದೆ. ಪಕ್ಕಪಕ್ಕದ ಎರಡು ಗುಂಡಿಗಳ ನಡುವಿನ ಗೋಡೆ ತೆಳುವಾಗಿ ಒಡೆದರೆ ಎರಡೂ ಸೇರಿ ಒಂದು ಕಾಲುವೆಯಾಗುತ್ತದೆ. ಹೊಳೆ ಬಂಡೆಯೊಳಗೆ ಇಳಿಯುವ ಒಂದು ಬಗೆ ಇದು.

ನೀರೊಂದೇ ಕಲ್ಲನ್ನು ಅಷ್ಟಾಗಿ ಸವೆಸುವುದಿಲ್ಲ. ತಿಳಿನೀರು ಮರಳುಗಲ್ಲಿನ ಮೇಲೆ ಎಷ್ಟೇ ಹರಿದರೂ ಕೆಲಸ ನಿಧಾನ. ನೀರಿನ ಕೈಯಲ್ಲಿ ಮರಳು, ಉರುಟುಗಲ್ಲು, ಗುಂಡುಗಲ್ಲು ಇದ್ದಾಗ ಮಾತ್ರ ಅದು ಕೊರೆಯುತ್ತದೆ. ಈ ಮಾತು ನೆನಪಿರಲಿ, ಅಣೆಕಟ್ಟೆಗಳ ಹತ್ತಿರ ಬಂದಾಗ ಮತ್ತೆ ಬೇಕಾಗುತ್ತದೆ.

ಇನ್ನು ಅಂಚಿನ ಗೋಡೆಯನ್ನು ದೂರದಿಂದ ನೋಡಿ. ಮರಳುಗಲ್ಲು ಅಡ್ಡಡ್ಡ ಪದರುಗಳಾಗಿ ಕೂತಿದೆ, ಅವುಗಳನ್ನು ಉದ್ದುದ್ದ ಬಿರುಕುಗಳು ಕತ್ತರಿಸಿವೆ. ಹಾಗಾಗಿ ಇಡೀ ಗೋಡೆ ಚೌಕಾಕಾರದ ದಿಮ್ಮಿಗಳ ರಾಶಿ. ಬಿರುಕಿನೊಳಗೆ ಪ್ರವಾಹದ ನೀರು ಒತ್ತಿದಾಗ, ತಳದ ಪದರು ಸಡಿಲಾದಾಗ, ಮೇಲಿನ ದಿಮ್ಮಿಗೆ ಆಧಾರ ತಪ್ಪಿ ಅದು ಕೆಳಕ್ಕೆ ಉರುಳುತ್ತದೆ. ಅಂಚು ಒಂದು ದಿಮ್ಮಿಯಷ್ಟು ಹಿಂದೆ ಸರಿಯುತ್ತದೆ. ಜಲಪಾತವೆಂದರೆ ಒಂದೇ ಜಾಗದಲ್ಲಿ ನಿಂತಿರುವ ವಸ್ತುವಲ್ಲ. ಅದು ಹೊಳೆಯ ಮೇಲುಭಾಗದ ಕಡೆಗೆ ನಡೆಯುತ್ತಿರುತ್ತದೆ. ನಡೆದು ಬಂದ ದಾರಿಯೇ ಕಮರಿ. ಜಲಪಾತದ ಕೆಳಗೆ ಘಟಪ್ರಭೆ ಕಡಿದಾದ ಗೋಡೆಗಳ ನಡುವೆ ಹರಿಯುತ್ತದಲ್ಲ, ಆ ಗೋಡೆಗಳು ಅಂಚು ಹಿಂದೊಮ್ಮೆ ಅಲ್ಲಿತ್ತು ಎನ್ನುವುದಕ್ಕೆ ಸಾಕ್ಷಿ.

ಉತ್ತರ ಅಮೆರಿಕದ ನಯಾಗರಾ ಜಲಪಾತ ಕಳೆದ 12 ಸಾವಿರ ವರ್ಷಗಳಲ್ಲಿ ಸುಮಾರು 11 ಕಿಲೋಮೀಟರ್ ಹಿಂದೆ ಸರಿದಿದೆ. ಅಲ್ಲಿ ಮೇಲೆ ಗಟ್ಟಿ ಡಾಲಮೈಟ್, ಕೆಳಗೆ ಮೆದುವಾದ ಜೇಡಿಶಿಲೆ. ತಳ ಬೇಗ ಸವೆಯುತ್ತದೆ, ಮೇಲಿನದು ಬೇಗ ಬೀಳುತ್ತದೆ. ಸಾಲದ್ದಕ್ಕೆ ಆ ಹೊಳೆ ವರ್ಷವಿಡೀ ತುಂಬಿ ಹರಿಯುತ್ತದೆ. ಗೋಕಾಕದ ಕಲ್ಲು ಗಟ್ಟಿ, ಹೊಳೆಯ ಪೂರ್ತಿ ಬಲ ವರ್ಷಕ್ಕೆ ಎರಡು ಮೂರು ತಿಂಗಳಷ್ಟೇ. ಆದ್ದರಿಂದ ಇಲ್ಲಿನ ನಡಿಗೆ ಬಹಳ ನಿಧಾನ.

ಬಲದ ಲೆಕ್ಕವನ್ನೂ ಮಾಡಿಬಿಡೋಣ. 52 ಮೀಟರ್ ಬೀಳಲು ನೀರಿಗೆ 3 ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಗಾಳಿಯ ತಡೆ ಬಿಟ್ಟರೆ ತಳ ಮುಟ್ಟುವಾಗ ಅದರ ವೇಗ ತಾಸಿಗೆ 115 ಕಿಲೋಮೀಟರಿನ ಆಸುಪಾಸು. ಸೆಕೆಂಡಿಗೆ ಒಂದು ಘನಮೀಟರ್ ನೀರು, ಅಂದರೆ ಸಾವಿರ ಲೀಟರ್, ಹೀಗೆ ಬಿದ್ದರೆ ಅದರಲ್ಲಿರುವ ಬಲ ಸುಮಾರು 500 ಕಿಲೋವ್ಯಾಟ್. ಗಿರಣಿ ಕಟ್ಟಿದವರು ಇಲ್ಲಿಗೇ ಯಾಕೆ ಬಂದರು ಎಂಬುದಕ್ಕೆ ಇದೇ ಉತ್ತರ. ಹೊಳೆ ಬಂಡೆ ಒಡೆಯಲು ಖರ್ಚು ಮಾಡುತ್ತಿದ್ದ ಬಲದಲ್ಲಿ ಒಂದು ಪಾಲನ್ನು ಅವರು ನೂಲು ತೆಗೆಯಲು ಪಡೆದುಕೊಂಡರು.

ಒಂದು ಎಚ್ಚರ. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಹಾಸುಬಂಡೆಯ ಮೇಲೂ ಪಾಚಿ ಇರುತ್ತದೆ. ಮಳೆಗಾಲದಲ್ಲಿ ಮೇಲಿನ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ನೋಡನೋಡುತ್ತಲೇ ಏರುತ್ತದೆ. ಅಂಚಿನ ಹತ್ತಿರ ಸೆಲ್ಫಿ ಬೇಡ.

ಕಲ್ಲು ಎಲ್ಲಿಯದು

ಗೋಕಾಕದ ಮರಳುಗಲ್ಲು ಒಂದು ದೊಡ್ಡ ಬಳಗದ್ದು. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರಿನಿಂದ ಆ ಬಳಗವನ್ನು ಗುರುತಿಸುತ್ತಾರೆ. ಆ ಹೆಸರನ್ನು ಬಳಕೆಗೆ ತಂದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್. ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯ ಮೇಲಿನ ಅವರ ವರದಿ ಪ್ರಕಟವಾದದ್ದು 1876ರಲ್ಲಿ. ಭಾರತದ ಹಳೆ ಶಿಲಾಯುಗದ ಆಯುಧಗಳನ್ನು ಮೊದಲು ಗುರುತಿಸಿದವರೂ ಅವರೇ. ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರಿಗೆ 1863ರಲ್ಲಿ ಕಲ್ಲಿನ ಆಯುಧ ಸಿಕ್ಕಿತ್ತು.

ಕಲಾದಗಿ ಶಿಲೆಗಳ ಕಥೆ ಬಹಳ ಹಳೆಯದು. ಈಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿರುವ ಜಾಗದಲ್ಲಿ ಒಂದು ಅಗಲವಾದ ತಗ್ಗು ಪ್ರದೇಶವಿತ್ತು. ಅದರಲ್ಲಿ ಆಳವಿಲ್ಲದ ನೀರು ನಿಂತಿತ್ತು. ಸುತ್ತಲಿನ ಗ್ರಾನೈಟ್ ಮತ್ತು ನೈಸ್ ಗುಡ್ಡಗಳು ಸವೆದು ಬಂದ ಮರಳು, ಜೇಡಿ ಅದರಲ್ಲಿ ಪದರುಪದರಾಗಿ ಕೂತವು. ತಿಳಿನೀರು ನಿಂತ ಕಾಲದಲ್ಲಿ ಸುಣ್ಣಕಲ್ಲು ಬೆಳೆಯಿತು. ಬಾಗಲಕೋಟೆ, ಲೋಕಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳು ಇವತ್ತು ಅರೆಯುವುದು ಆ ಸುಣ್ಣಕಲ್ಲನ್ನೇ. ತಳದ ಹಳೆಯ ಪದರುಗಳು ನೂರು ಕೋಟಿ ವರ್ಷಕ್ಕೂ ಹಿಂದಿನವು. ಆಗ ನೆಲದ ಮೇಲೆ ಹುಲ್ಲಿರಲಿಲ್ಲ, ಮರವಿರಲಿಲ್ಲ, ಪ್ರಾಣಿಯೂ ಇರಲಿಲ್ಲ. ಮುಂದೆ ಆ ಪದರುಗಳು ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡವು, ವಾಲಿದವು. ಅವುಗಳ ಮೇಲೆ ಇನ್ನೊಂದು ಸುತ್ತು ಮರಳು ಬಂದು ಕೂತಿತು. ಅದು ಹೆಚ್ಚಾಗಿ ಮಟ್ಟಸವಾಗಿಯೇ ಉಳಿದಿದೆ. ಬಾದಾಮಿಯ ಗುಹೆಗಳನ್ನು ಕೊರೆದದ್ದು ಆ ಮೇಲಿನ ಮರಳುಗಲ್ಲಿನಲ್ಲಿ.

ಬಾದಾಮಿಯಲ್ಲಾಗಲಿ ಸವದತ್ತಿಯಲ್ಲಾಗಲಿ ಕೆಲವು ಬಂಡೆಗಳ ಮೇಲೆ ಸಣ್ಣ ಸಣ್ಣ ಅಲೆಗಳ ಅಚ್ಚು ಕಾಣುತ್ತದೆ. ಕೆರೆಯ ಅಂಚಿನ ಮರಳಿನಲ್ಲಿ ನೀರು ಮೂಡಿಸುವ ಅದೇ ಏರಿಳಿತ. ಬೆರಳಾಡಿಸಿದರೆ ಏಣುಗಳು ತಟ್ಟುತ್ತವೆ. ಒಂದು ದಿನ ನೀರು ಎಬ್ಬಿಸಿದ ಅಲೆ, ಮೇಲೆ ಮರಳು ಮುಚ್ಚಿಕೊಂಡದ್ದರಿಂದ, ಅಳಿಯದೆ ಕಲ್ಲಾಗಿ ಉಳಿದಿದೆ.

ಈ ಬಳಗದಲ್ಲಿ ಎಲ್ಲ ಕಲ್ಲೂ ಒಂದೇ ಗಟ್ಟಿಯಲ್ಲ. ಜೇಡಿಶಿಲೆ ಬೇಗ ಪುಡಿಯಾಗುತ್ತದೆ. ಸುಣ್ಣಕಲ್ಲು ನೀರಿಗೆ ಕರಗುತ್ತದೆ. ಮರಳುಗಲ್ಲು ತಡೆಯುತ್ತದೆ. ಮರಳಿನ ಕಣಗಳ ನಡುವಿನ ಜಾಗವೆಲ್ಲ ಸಿಲಿಕದಿಂದ ತುಂಬಿ ಬೆಸೆದುಕೊಂಡು ಕ್ವಾರ್ಟ್ಜೈಟ್ ಆಗಿದ್ದರಂತೂ ಅದರಷ್ಟು ಹಟಮಾರಿ ಕಲ್ಲು ಇನ್ನೊಂದಿಲ್ಲ. ಎರಡರ ವ್ಯತ್ಯಾಸ ತಿಳಿಯಲು ಒಡೆದು ಬಿದ್ದ ಚೂರನ್ನು ಬಿಸಿಲಿಗೆ ಹಿಡಿದು ನೋಡಬೇಕು. ಮರಳುಗಲ್ಲು ಒಡೆದಾಗ ಬಿರುಕು ಕಣಗಳನ್ನು ಬಳಸಿಕೊಂಡು ಹೋಗಿರುತ್ತದೆ, ಮುಟ್ಟಿದರೆ ತರಿತರಿ. ಕ್ವಾರ್ಟ್ಜೈಟ್ ಒಡೆದಾಗ ಬಿರುಕು ಕಣಗಳನ್ನೇ ಸೀಳಿಕೊಂಡು ಹೋಗಿರುತ್ತದೆ, ಮೈ ನುಣುಪು, ಅಂಚು ಚೂಪು. ಮಲಪ್ರಭೆ ದಂಡೆಯ ಖ್ಯಾಡದಂಥ ಜಾಗಗಳಲ್ಲಿ ಶಿಲಾಯುಗದ ಜನ ಕೈಗೊಡಲಿ ಮಾಡಲು ಆರಿಸಿಕೊಂಡದ್ದು ಕ್ವಾರ್ಟ್ಜೈಟನ್ನು. ಅವರ ಕೈಗೆ ಈ ಭೂವಿಜ್ಞಾನ ಚೆನ್ನಾಗಿಯೇ ಗೊತ್ತಿತ್ತು.

ಕೋಟಿಗಟ್ಟಲೆ ವರ್ಷಗಳ ಸವೆತದಲ್ಲಿ ಮೆದುಕಲ್ಲು ತಗ್ಗಾಯಿತು, ಗಟ್ಟಿಕಲ್ಲು ಗುಡ್ಡವಾಗಿ ನಿಂತಿತು. ಸವದತ್ತಿ ಎಲ್ಲಮ್ಮನ ಗುಡ್ಡ, ಬಾಗಲಕೋಟೆಯ ಸುತ್ತಲಿನ ಗುಡ್ಡಸಾಲುಗಳು, ಆಲಮಟ್ಟಿಯ ಎದುರಿನ ಸೀತಿಮನಿ ಗುಡ್ಡ, ಇವೆಲ್ಲ ಹೀಗೆ ಉಳಿದವು.

ಗುಡ್ಡವನ್ನು ಬಳಸದೆ ಸೀಳಿದ್ದೇಕೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಳೆ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಶಾಲೆಯ ಮಗುವಿಗೂ ಗೊತ್ತು. ಹಾಗಿದ್ದ ಮೇಲೆ ಮಲಪ್ರಭೆ ಸವದತ್ತಿಯ ಗುಡ್ಡವನ್ನು ಸುತ್ತಿಕೊಂಡು ಹೋಗುವುದು ಬಿಟ್ಟು ನಡುವೆ ಸೀಳಿದ್ದೇಕೆ?

ಊರವರ ಕಥೆಯಲ್ಲಿ ಇದಕ್ಕೆ ಉತ್ತರವಿದೆ. ಗುಡ್ಡದ ಮೇಲೆ ಕೂತ ನವಿಲೊಂದು ಹೊಳೆಯನ್ನು ಕೂಗಿ ಕೆಣಕಿತಂತೆ, ಹೊಳೆ ಸಿಟ್ಟಿಗೆದ್ದು ಗುಡ್ಡವನ್ನೇ ಸೀಳಿ ಬಂತಂತೆ. ಕಥೆ ಕಟ್ಟಿದವರು ನೋಡಬೇಕಾದ್ದನ್ನು ಸರಿಯಾಗಿಯೇ ನೋಡಿದ್ದಾರೆ. ಇಲ್ಲಿ ಹೊಳೆ ಮಾಡಿದ್ದು ಸಹಜದ ಕೆಲಸವಲ್ಲ, ಅದಕ್ಕೆ ಕಾರಣ ಬೇಕು ಎಂದು ಅವರಿಗೆ ಹೊಳೆದಿದೆ.

ಭೂವಿಜ್ಞಾನಿಗಳು ಇಂಥ ಕಡೆಗಳಲ್ಲಿ ಎರಡು ದಾರಿಗಳನ್ನು ಪರಿಶೀಲಿಸುತ್ತಾರೆ. ಮೊದಲನೆಯದು ಹೀಗಿದೆ. ಹೊಳೆ ಹುಟ್ಟಿದಾಗ ನೆಲ ಈಗಿನಂತಿರಲಿಲ್ಲ. ಗುಡ್ಡಗಳು ಬೇರೆ ಕಲ್ಲಿನ ಹೊದಿಕೆಯ ಕೆಳಗೆ ಮುಚ್ಚಿಹೋಗಿದ್ದವು, ಅಥವಾ ಸುತ್ತಲಿನ ನೆಲವೇ ಗುಡ್ಡದ ನೆತ್ತಿಯ ಮಟ್ಟದಲ್ಲಿತ್ತು. ಹೊಳೆ ಆ ಎತ್ತರದಲ್ಲೇ ತನ್ನ ಹರಿವಿನ ಜಾಡು ಹಿಡಿಯಿತು. ನಿಧಾನವಾಗಿ ಕೆಳಗೆ ಕೊರೆಯುತ್ತ ಬಂದಾಗ ಗಟ್ಟಿಕಲ್ಲಿನ ಬೆನ್ನು ಸಿಕ್ಕಿತು. ಅಷ್ಟೊತ್ತಿಗೆ ಜಾಡು ಎರಡೂ ಕಡೆ ದಂಡೆಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು, ತಿರುಗಲು ಜಾಗವಿರಲಿಲ್ಲ. ಕೊರೆಯುವುದೊಂದೇ ದಾರಿ. ಮುಂದೆ ಸುತ್ತಲಿನ ಮೆದುನೆಲ ಸವೆದು ಇಳಿದಾಗ ಗುಡ್ಡ ಎದ್ದು ಕಂಡಿತು, ಹೊಳೆ ಅದನ್ನು ಸೀಳಿದಂತೆ ಕಂಡಿತು. ನಿಜದಲ್ಲಿ ಹೊಳೆಯ ಜಾಡೇ ಮೊದಲು, ಗುಡ್ಡ ಗುಡ್ಡವಾಗಿ ತೋರಿದ್ದು ಆಮೇಲೆ.

ಎರಡನೆಯ ದಾರಿಯಲ್ಲಿ ಗುಡ್ಡದ ಆಚೆಗಿನ ಒಂದು ಹಳ್ಳ ಬಿರುಕೊಂದನ್ನು ಹಿಡಿದು ಹಿಂದೆ ಹಿಂದೆ ಕೊರೆಯುತ್ತ ಬಂದು, ಈಚೆಗಿನ ಹೊಳೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಯಾವ ದಾರಿಯಾದರೂ ಫಲ ಒಂದೇ: ಅಗಲ ಕಣಿವೆಯೊಂದಕ್ಕೆ ಕಿರಿದಾದ ಬಾಗಿಲು.

ಬಾಗಿಲು ಕಿರಿದಾದಷ್ಟೂ ಕೊರೆತ ಜೋರಾಗುತ್ತದೆ. ಬಯಲಿನಲ್ಲಿ ಹರಡಿ ಹರಿಯುತ್ತಿದ್ದ ಅಷ್ಟೂ ನೀರು ಇಲ್ಲಿ ಸಣ್ಣ ಸಂದಿಯಲ್ಲಿ ಹೋಗಬೇಕು. ಸೆಕೆಂಡಿಗೆ ಬರುವ ನೀರು ಅಷ್ಟೇ ಇರುವುದರಿಂದ, ಅಗಲ ಕಡಿಮೆಯಾದರೆ ಆಳ ಹೆಚ್ಚಬೇಕು, ಇಲ್ಲವೇ ವೇಗ ಹೆಚ್ಚಬೇಕು. ಪ್ರವಾಹದಲ್ಲಿ ಎರಡೂ ಹೆಚ್ಚುತ್ತವೆ. ವೇಗ ಹೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ 19ನೇ ಶತಮಾನದಿಂದ ಬಳಕೆಯಲ್ಲಿರುವ ಒಂದು ನಿಯಮವಿದೆ. ಹೊಳೆ ಉರುಳಿಸಬಲ್ಲ ಕಲ್ಲಿನ ತೂಕ ಅದರ ವೇಗದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಉರುಳುವ ಕಲ್ಲಿನ ತೂಕ 64 ಪಟ್ಟು. ಬಯಲಿನಲ್ಲಿ ಒಂದು ಕಿಲೋ ಕಲ್ಲನ್ನು ದೂಡುತ್ತಿದ್ದ ಹೊಳೆ ಕಮರಿಯಲ್ಲಿ 64 ಕಿಲೋ ಗುಂಡನ್ನು ಉರುಳಿಸುತ್ತದೆ. ಕಮರಿಯಲ್ಲಿ ಹೊಳೆ ಅಗಲವಾಗುವ ಬದಲು ಇನ್ನೂ ಆಳಕ್ಕೆ ಇಳಿಯುವುದು ಇದರಿಂದ. ಕ್ವಾರ್ಟ್ಜೈಟ್ ಗೋಡೆ ಪಕ್ಕಕ್ಕೆ ಕುಸಿಯುವುದಿಲ್ಲ, ತಳ ಮಾತ್ರ ಇಳಿಯುತ್ತದೆ.

ಆಂಧ್ರದ ಗಂಡಿಕೋಟದಲ್ಲಿ ಪೆನ್ನಾ ನದಿ ಕೊರೆದ ಹೆಸರುವಾಸಿ ಕಮರಿಯೂ ಇಂಥದೇ ಇನ್ನೊಂದು ಪುರಾತನ ತಗ್ಗಿನ, ಕಡಪಾ ಶಿಲೆಗಳ ನಡುವೆ ಇದೆ. ವ್ಯತ್ಯಾಸವಿಷ್ಟೇ. ಗಂಡಿಕೋಟದಲ್ಲಿ ಜನ ಕಮರಿಯ ನೆತ್ತಿಯ ಮೇಲೆ ಕೋಟೆ ಕಟ್ಟಿದರು. ನವಿಲುತೀರ್ಥದಲ್ಲಿ ಕಮರಿಯ ಬಾಯಿಗೇ ಗೋಡೆ ಕಟ್ಟಿದರು. ಎರಡು ಗೋಡೆಗಳನ್ನು ಹೊಳೆಯೇ ಕಟ್ಟಿಕೊಟ್ಟಿತ್ತು, ಮೂರನೆಯದನ್ನಷ್ಟೇ ನಾವು ಸೇರಿಸಬೇಕಿತ್ತು. ಅದರ ಉದ್ದವೇ ಆ 154 ಮೀಟರು, ಎತ್ತರ 40 ಮೀಟರು. ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಎಂದು ಹೆಸರು.

ಕೊಲ್ಹಾರದ ಮುಂದಿನ ನೀರು

ಈಗ ಕೃಷ್ಣೆಗೆ ಬರೋಣ. ಮಹಾಬಳೇಶ್ವರದಲ್ಲಿ ಹುಟ್ಟಿದ ಹೊಳೆ ಘಟ್ಟ ಇಳಿದ ಮೇಲೆ ಬಹುಪಾಲು ದಾರಿ ಬಸಾಲ್ಟ್ ಕಲ್ಲಿನ ಮೇಲೆ ಬರುತ್ತದೆ. 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸದ ಹಾಸುಗಳವು. ಆ ಕಲ್ಲು ಕೊಳೆತು ಆದದ್ದೇ ಎರೆ ಮಣ್ಣು. ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳ ಬಿಳಿಜೋಳಕ್ಕೆ ತಳಪಾಯ ಇದು. ಈ ಸೀಮೆಯ ಡೋಣಿ ಹೊಳೆಯನ್ನು ನೋಡಿ. ಎರೆಯ ಬಯಲಿನಲ್ಲಿ ಅದು ಅಂಕುಡೊಂಕಾಗಿ ಹೋಗುತ್ತದೆ, ಮಳೆ ಬಂದರೆ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ. ಡೋಣಿ ಹರಿದರೆ ಜೋಳಕ್ಕೆ ಬರವಿಲ್ಲ ಎಂಬ ಮಾತು ಇಲ್ಲಿ ಹಳೆಯದು. ಕಮರಿ ಕೊರೆಯಲು ಬೇಕಾದ ಇಳಿಜಾರೂ ಅಲ್ಲಿಲ್ಲ, ಪಕ್ಕ ಹಿಡಿದು ನಿಲ್ಲಿಸುವ ಗಟ್ಟಿಗೋಡೆಯೂ ಇಲ್ಲ.

ಕೊಲ್ಹಾರದ ಮುಂದೆ ಕೃಷ್ಣೆಯದೂ ಇದೇ ಸ್ವಭಾವ. ಸಣ್ಣ ಇಳಿಜಾರು, ಅಗಲ ಕಣಿವೆ, ದಂಡೆಗುಂಟ ಫಲವತ್ತಾದ ಮಣ್ಣು. ಇಂಥ ಜಾಗದಲ್ಲಿ ಊರು ಬೆಳೆಯುತ್ತದೆ, ಎಮ್ಮೆಗೆ ಮೇವು ಸಿಗುತ್ತದೆ. ಕೊಲ್ಹಾರದ ಗಡಿಗೆ ಮೊಸರಿಗೆ ಹೆದ್ದಾರಿಯಲ್ಲಿ ಹೋಗುವವರು ಇಂದಿಗೂ ಗಾಡಿ ನಿಲ್ಲಿಸುತ್ತಾರೆ. ಹೊಳೆ ಇಲ್ಲಿಂದ ಕೆಳಗೆ ಹೋಗಿ, ಘಟಪ್ರಭೆಯನ್ನೂ ಸೇರಿಸಿಕೊಂಡು, ಆಲಮಟ್ಟಿಯ ಹತ್ತಿರ ಕಲಾದಗಿ ಶಿಲೆಗಳ ಗುಡ್ಡಗಳ ನಡುವೆ ನುಸುಳುತ್ತದೆ. ದಕ್ಷಿಣಕ್ಕೆ ಸೀತಿಮನಿ ಗುಡ್ಡ, ಉತ್ತರಕ್ಕೆ ಆಲಮಟ್ಟಿ. ನವಿಲುತೀರ್ಥದಷ್ಟು ಕಿರಿದಲ್ಲ, ಆದರೆ ಕೃಷ್ಣೆಯಂಥ ಹೊಳೆಗೆ ಇದು ಇಕ್ಕಟ್ಟೇ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು ಇಲ್ಲಿ. ಕಟ್ಟೆಯ ಉದ್ದ 1,565 ಮೀಟರು, ಬಾಗಿಲುಗಳು 26. ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ನೀರು ತುಂಬಿದಾಗ ಸಂಗ್ರಹ 123 ಟಿಎಂಸಿ.

ಗುಡ್ಡಸಂದಿಯಲ್ಲಿ ಕಟ್ಟಿದ ಒಂದೂವರೆ ಕಿಲೋಮೀಟರಿನ ಗೋಡೆಗೆ 123 ಟಿಎಂಸಿ. ಎಂಜಿನಿಯರಿಗೆ ಇದು ಒಳ್ಳೆಯ ವ್ಯವಹಾರ. ಆದರೆ ಆ ನೀರು ಕಮರಿಯಲ್ಲಿ ನಿಲ್ಲುವುದಿಲ್ಲ. ಮೇಲುಗಡೆ ಕಣಿವೆ ಅಗಲವಾಗಿದೆ, ಇಳಿಜಾರು ಸಣ್ಣದಿದೆ. ಅಲ್ಲೇ ನೀರು ಹರಡಿಕೊಳ್ಳುತ್ತದೆ. ಬಾಗಲಕೋಟೆಯ ಹಳೆ ಪಟ್ಟಣದ ಒಂದು ಭಾಗ, ಹಳೆ ಕೊಲ್ಹಾರ, ದಂಡೆಯ ಇನ್ನೆಷ್ಟೋ ಹಳ್ಳಿಗಳು ಹಿನ್ನೀರಿಗೆ ಸಂದವು. ಹೆದ್ದಾರಿಯ ಪಕ್ಕ ಗಡಿಗೆಯ ಬಾಯಿಗೆ ಕಾಗದ ಕಟ್ಟುತ್ತಿದ್ದ ಹೆಣ್ಣುಮಗಳೊಬ್ಬರನ್ನು “ಹಳೇ ಊರು ಎಲ್ಲಿತ್ರೀ ಯಕ್ಕಾ?” ಎಂದು ಕೇಳಿದೆ. ತಲೆ ಎತ್ತದೆಯೇ ನೀರಿನ ಕಡೆ ಕೈಮಾಡಿದರು. “ಅಲ್ಲೇ ಇತ್ರೀ, ಹೊಳಿ ದಂಡ್ಯಾಗ. ಈಗ ಎಲ್ಲಾ ನೀರಾಗ ಹೋಗೇತ್ರಿ. ನಿಮಗ ಎಷ್ಟ್ ಗಡಿಗಿ ಕಟ್ಲಿ?”

ಹೊಳೆಯ ದಂಡೆಯಲ್ಲಿದ್ದವರು ಸರೋವರದ ದಂಡೆಗೆ ಬಂದರು. ಈಗ ತಾಲ್ಲೂಕು ಕೇಂದ್ರವಾಗಿರುವ ಕೊಲ್ಹಾರದ ಈ ಬದಲಾವಣೆಗೆ ಕಾರಣವಾದ ಕಲ್ಲು ಕೊಲ್ಹಾರದಲ್ಲಿಲ್ಲ, ಹೊಳೆಗುಂಟ ಕೆಳಗೆ ಆಲಮಟ್ಟಿಯ ಗುಡ್ಡದಲ್ಲಿದೆ.

ಕೊರೆಯುವುದನ್ನು ನಿಲ್ಲಿಸಿದ ಹೊಳೆ

ಆಲಮಟ್ಟಿ ದಾಟಿದ ಮೇಲೆ ಕಲಾದಗಿ ಶಿಲೆಗಳ ಸೀಮೆ ಮುಗಿದು ಗ್ರಾನೈಟ್ ಮತ್ತು ನೈಸ್ ಸಿಗುತ್ತವೆ. ಕೂಡಲಸಂಗಮದಲ್ಲಿ ಮಲಪ್ರಭೆಯೂ ಬಂದು ಸೇರುತ್ತದೆ. ನಾರಾಯಣಪುರದಲ್ಲಿ ನೆಲ ಮತ್ತೆ ಬಿಚ್ಚಿಕೊಂಡಿರುವುದರಿಂದ ಎರಡು ಕಡೆಗೂ ಏರಿ ಎಳೆಯುತ್ತ ಹೋಗಿ ಕಟ್ಟೆ 10.6 ಕಿಲೋಮೀಟರ್ ಆಯಿತು. ಅದರ ಕೆಳಗೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಹತ್ತಿರ ಹೊಳೆ ಗ್ರಾನೈಟ್ ಮೆಟ್ಟಿಲುಗಳ ಮೇಲೆ ಧುಮುಕುತ್ತ ಇಳಿಯುತ್ತದೆ. ಮೂರು ಮೈಲಿಯಲ್ಲಿ 400 ಅಡಿಗೂ ಹೆಚ್ಚು ಇಳಿತ ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಒಂದೇ ಹೊಳೆ, ನಾಲ್ಕು ಬಗೆಯ ನೆಲ, ನಾಲ್ಕು ಬಗೆಯ ನಡೆ.

ಮರಳು ಮತ್ತು ಗುಂಡುಗಲ್ಲು ಇಲ್ಲದೆ ಹೊಳೆ ಕೊರೆಯಲಾರದು ಎಂದೆವಲ್ಲ, ಆ ಮಾತಿಗೆ ಈಗ ಬರೋಣ. ಜಲಾಶಯಕ್ಕೆ ಬಂದ ನೀರಿನ ವೇಗ ಸತ್ತುಹೋಗುತ್ತದೆ. ಆರನೆಯ ಘಾತದ ನಿಯಮ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ವೇಗ ಅರ್ಧವಾದರೆ ಹೊರುವ ಕಲ್ಲಿನ ತೂಕ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗುಂಡುಗಲ್ಲು ಮೊದಲು ಕೂರುತ್ತದೆ, ಆಮೇಲೆ ಮರಳು, ಕೊನೆಗೆ ಜೇಡಿ. ನಾರಾಯಣಪುರದ ಮೂಲ ಸಾಮರ್ಥ್ಯ 37.9 ಟಿಎಂಸಿ ಇದ್ದದ್ದನ್ನು ಈಗ 33.3 ಎಂದು ಲೆಕ್ಕ ಹಿಡಿಯುತ್ತಾರೆ. ಯಾವ ಜಲಾಶಯವೂ ಹೂಳಿನಿಂದ ತಪ್ಪಿಸಿಕೊಳ್ಳಲಾರದು. ಕಟ್ಟೆಯ ಬಾಗಿಲಿನಿಂದ ಹೊರಬೀಳುವ ನೀರಿನಲ್ಲಿ ಬಲವಿರುತ್ತದೆ, ಉಪಕರಣ ಇರುವುದಿಲ್ಲ. ಗೋಕಾಕ, ನವಿಲುತೀರ್ಥ, ಆಲಮಟ್ಟಿ ಮೂರೂ ಕಡೆ ಹೊಳೆಯ ಕೊರೆತದ ಕೆಲಸ ಈಗ ಬಹುಮಟ್ಟಿಗೆ ಕುಂಟುತ್ತಿದೆ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿದ್ದಂಥ ದಿನಗಳಲ್ಲಿ ಮಾತ್ರ ಹೊಳೆಗೆ ತನ್ನ ಹಳೆಯ ಕಸುಬು ನೆನಪಾಗುತ್ತದೆ.

ನಾಲ್ಕೂವರೆ ಮೀಟರಿನ ಬೆಲೆ

ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಅವಕಾಶ ಕೊಟ್ಟಿತು. ಏರಿಕೆ 4.656 ಮೀಟರು. ಕಟ್ಟೆಯ ಮೇಲೆ ನಿಂತು ನೋಡಿದರೆ ಇದೊಂದು ದೊಡ್ಡ ವಿಷಯ ಅನ್ನಿಸುವುದಿಲ್ಲ, ಬಾಗಿಲುಗಳ ಎತ್ತರ ಹೆಚ್ಚಿಸಿದರೆ ಮುಗಿಯಿತು. ಸಂಗ್ರಹ ಸುಮಾರು 100 ಟಿಎಂಸಿಯಷ್ಟು ಹೆಚ್ಚುತ್ತದೆ.

ಮೇಲುಭಾಗದಲ್ಲಿ ಲೆಕ್ಕ ಬೇರೆ. ನೆಲದ ಇಳಿಜಾರು ಕಿಲೋಮೀಟರಿಗೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ 4.656 ಮೀಟರ್ ಏರಿದ ನೀರು ಒಂಬತ್ತು ಕಿಲೋಮೀಟರಿಗೂ ಹೆಚ್ಚು ಮುಂದಕ್ಕೆ ಚಾಚುತ್ತದೆ. ಹೊಳೆಯ ಉದ್ದಕ್ಕೆ ಮಾತ್ರವಲ್ಲ, ಎರಡೂ ದಂಡೆಯ ಹೊಲಗಳ ಕಡೆಗೂ ಹರಡುತ್ತದೆ. ಸರ್ಕಾರದ ಲೆಕ್ಕದಲ್ಲಿ ಈ ಏರಿಕೆಗೆ ಮುಳುಗುವ ಜಮೀನು 75 ಸಾವಿರ ಎಕರೆಗೂ ಹೆಚ್ಚು, ಅಂದರೆ ಸುಮಾರು 300 ಚದರ ಕಿಲೋಮೀಟರು. ಇದೇ ಏರಿಕೆಯನ್ನು ನವಿಲುತೀರ್ಥದ ಗೋಡೆಗಳಂಥ ಕಡಿದಾದ ಕಣಿವೆಯ ಉದ್ದಕ್ಕೂ ಮಾಡಿದ್ದರೆ ನೀರು ಗೋಡೆ ಹತ್ತುತ್ತಿತ್ತು, ಹೊಲಕ್ಕೆ ಬರುತ್ತಿರಲಿಲ್ಲ. ಆದರೆ ಆಗ ಸಂಗ್ರಹವೂ ಹೆಚ್ಚುತ್ತಿರಲಿಲ್ಲ. ಕಿರಿದಾದ ಬಾಗಿಲು, ಅದರ ಹಿಂದೆ ಅಗಲವಾದ ಬಯಲು, ಎರಡೂ ಕೂಡಿದಾಗಲೇ ಒಳ್ಳೆಯ ಜಲಾಶಯ. ಅಗಲವಾದ ಬಯಲು ಎಂದ ಮೇಲೆ ಅಲ್ಲಿ ಊರಿದ್ದೇ ಇರುತ್ತದೆ.

ಆದ್ದರಿಂದ ಮುಂದಿನ ಸಲ ಗೋಕಾಕಕ್ಕೋ ನವಿಲುತೀರ್ಥಕ್ಕೋ ಆಲಮಟ್ಟಿಯ ಉದ್ಯಾನಕ್ಕೋ ಹೋದಾಗ ಮೂರು ಪ್ರಶ್ನೆ ಕೇಳಿ. ಇಲ್ಲಿನ ಕಲ್ಲು ಒಡೆದರೆ ಕಣ ಸೀಳುತ್ತದೆಯೋ, ಕಣ ಬಳಸುತ್ತದೆಯೋ? ಹೊಳೆ ಇಲ್ಲಿಗೆ ಬರುವ ಮೊದಲು ಎಷ್ಟು ಅಗಲವಿತ್ತು? ಆ ಅಗಲದಲ್ಲಿ ಯಾರ್ಯಾರ ಹೊಲಮನೆ ಇವೆ? ಮೊದಲೆರಡಕ್ಕೆ ಉತ್ತರ ಕೊಡಲು ಭೂವಿಜ್ಞಾನ ಸಾಕು. ಮೂರನೆಯದಕ್ಕೆ ಕಮರಿಯಿಂದ ಹೊಳೆಗುಂಟ ಮೇಲಕ್ಕೆ, ಕೊಲ್ಹಾರದಂಥ ಊರುಗಳ ತನಕ ಹೋಗಿ ಕೇಳಬೇಕು. ನಾಲ್ಕೂವರೆ ಮೀಟರ್ ಎಂದರೆ ಎಷ್ಟು ಎಂದು ಸರಿಯಾಗಿ ಗೊತ್ತಿರುವುದು ಅಲ್ಲಿನ ಜನಕ್ಕೆ.